ಕೆಡವಿದ ಮೇಲೆ ಜೋಡಿಸಬೇಕಲ್ಲ

ತಾನು ಎಸೆದ ಭಾರದ ಚೆಂಡು ಉರುಳಿ ಹೋಗಿ ಬಾಟಲಿಯಂಥ ಬಿಳಿ ಪಿನ್ನುಗಳನ್ನು ದಡಬಡನೆ ಕೆಡವಿದ್ದೇ ತಡ, ನನ್ನ ಅಕ್ಕ ಸೀರೆಯ ನೆರಿಗೆ ಎತ್ತಿಕೊಂಡು ಅವುಗಳತ್ತ ಓಡಿದಳು. ಗೆರೆ ದಾಟಿದ ಕೂಡಲೇ ನುಣುಪು ಹಲಗೆಯ ಮೇಲೆ ಕಾಲು ಜಾರಿತು. ನಮ್ಮನ್ನು ಶಿವಮೊಗ್ಗದ ಒಂದು ಮಾಲ್‌ಗೆ ಬೌಲಿಂಗ್ ಆಡಿಸಲು ಕರೆತಂದಿದ್ದ ನನ್ನ ಮಗಳು ಓಡಿಹೋಗಿ ದೊಡ್ಡಮ್ಮನ ಕೈ ಹಿಡಿದಳು.

"ಬೀಳ್ಸಿದ್ ಮೇಲೆ ಜೋಡ್ಸೋದು ಬ್ಯಾಡೇನೇ?" ಎಂದಳು ಅಕ್ಕ.

ಅಷ್ಟರಲ್ಲಿ ಮೇಲಿನಿಂದ ಯಂತ್ರವೊಂದು ಇಳಿದು ಪಿನ್ನುಗಳನ್ನೆಲ್ಲ ಮತ್ತೆ ನಿಲ್ಲಿಸಿತು. ಸುತ್ತಲಿದ್ದವರು ನಕ್ಕರು, ನಾನೂ ನಕ್ಕೆ. ಅಕ್ಕ ಮಾತ್ರ ನಗಲಿಲ್ಲ. "ಹೊಡ್ಯೋರೂ ಇಲ್ಲ, ಜೋಡ್ಸೋರೂ ಇಲ್ಲ. ಇದ್ಯಾವ ಸೀಮೆ ಆಟನೇ?"

ನಾವು ಲಗೋರಿ ಆಡಿ ಬೆಳೆದವರು. ಅದರಲ್ಲಿ ಕಲ್ಲು ಕೆಡವಿದವರೇ, ಎದುರಿನವರು ಚೆಂಡಿನಿಂದ ಹೊಡೆಯುವುದರೊಳಗೆ, ಮತ್ತೆ ಜೋಡಿಸಬೇಕು. ನಮ್ಮ ತಮ್ಮ ಯಾವಾಗಲೂ ಎದುರು ಪಕ್ಷ. ಆದರೆ ಅಕ್ಕ ಕಲ್ಲು ಜೋಡಿಸಲು ಬಗ್ಗಿದಾಗ ಮಾತ್ರ ಅವನ ಗುರಿ ತಪ್ಪುತ್ತಿತ್ತು. ಬೇಕೆಂದೇ ತಪ್ಪಿಸುತ್ತಾನೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಈಗ ಅವನು ಸೊರಬದಲ್ಲಿದ್ದಾನೆ. ಅಪ್ಪನ ಜಮೀನು ಪಾಲಾಗುವಾಗ ಅವನೊಂದಿಗೆ ಜಗಳವಾಡಿದ ನಾವಿಬ್ಬರೂ ಮತ್ತೆ ಅವನ ಹೊಸಿಲು ತುಳಿದಿಲ್ಲ.

ಸಂಜೆ ನಮ್ಮೂರು ಶಿಕಾರಿಪುರಕ್ಕೆ ಮರಳಿ ಬಸ್ಸಿಳಿದಾಗ ಸೊರಬದ ಬಸ್ಸು ಎದುರಿಗೇ ನಿಂತಿತ್ತು. ಕಂಡಕ್ಟರ್ ಊರಿನ ಹೆಸರು ಕೂಗುತ್ತಲೇ ಇದ್ದ. ‘ಹತ್ತೋಣ’ ಅಂತ ಅಕ್ಕ ಹೇಳಲಿ ಎಂದು ನಾನು, ನಾನು ಹೇಳಲಿ ಎಂದು ಅಕ್ಕ ಕಾದೆವು. ಬಸ್ಸು ಹೊರಟುಹೋಯಿತು.