ಗಾಡಿ ಮೇಲಿನ ಹೆಸರು

ಕಿರಂಗೂರಿನ ಗೌರಮ್ಮ ಗಂಡನ ಹೆಸರು ಹೇಳುವವಳಲ್ಲ. ನಮ್ಮ ಕಡೆ ಹಳೇ ಹೆಂಗಸರು ಯಾರೂ ಹೇಳುವುದಿಲ್ಲ, ಆದರೆ ಗೌರಮ್ಮನಿಗೆ ಇನ್ನೂ ನಲವತ್ತಾರು. ಸಂತೆಯಲ್ಲಿ ಯಾರಾದರೂ ಯಜಮಾನರ ಹೆಸರು ಕೇಳಿದರೆ ಕೈಯೆತ್ತಿ ಗಾಡಿ ಕಡೆ ತೋರಿಸುತ್ತಿದ್ದಳು. ಮುಂದಿನ ಗಾಜಿನ ಮೇಲಿದ್ದ ತಗಡಿನಲ್ಲಿ ಹಳದಿ ಬಣ್ಣದಲ್ಲಿ ದಪ್ಪಗೆ ಬರೆದಿತ್ತು: ಹುಚ್ಚಣ್ಣ, ಕಿರಂಗೂರು.

"ಅಗಾ, ಅಲ್ಲೈತೆ ಓದ್ಕಳಿ" ಅನ್ನುವಳು. ಓದು ಬಾರದವರು ಹಾಗೇ ಹೋಗುವರು.

ಅದೊಂದು ಸಣ್ಣ ಗೂಡ್ಸ್ ಗಾಡಿ, ಹದಿನಾಲ್ಕು ವರ್ಷದ್ದು. ಹುಚ್ಚಣ್ಣ ಅದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು ತುಂಬಿಕೊಂಡು ಸಂತೆ ಸಂತೆ ಸುತ್ತುತ್ತಿದ್ದ. ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಸಂತೆಬಾಚಹಳ್ಳಿ, ಎಲ್ಲ ಕಡೆಯೂ ಅವನಿಗೊಂದು ಜಾಗ ಇತ್ತು. ಆರು ವರ್ಷದ ಹಿಂದೆ ಸಂತೆಬಾಚಹಳ್ಳಿಯಲ್ಲಿ ಮೂಟೆ ಇಳಿಸುತ್ತಾ ಎದೆ ಹಿಡಿದುಕೊಂಡು ಕೂತವನು ಮೇಲೇಳಲಿಲ್ಲ. ತಿಥಿ ಮುಗಿಸಿದ ಗೌರಮ್ಮ ಮೈದುನ ಕಿಟ್ಟಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಗದ್ದೆ ಬಯಲಿನ ದಾರಿಯಲ್ಲಿ ಡ್ರೈವಿಂಗ್ ಕಲಿತಳು, ಲೈಸೆನ್ಸ್ ಮಾಡಿಸಿದಳು, ಅದೇ ಜಾಗಗಳಲ್ಲಿ ಹೋಗಿ ಕೂತಳು.

"ಗೌರಕ್ಕ ಬಂದ್ಲು, ದಾರಿ ಬುಡ್ರಲಾ, ಗೋಡೆಗೀಡೆ ಬಿದ್ದಾತು" ಅಂತ ಗಂಡಸರು ನಗುವರು. "ಗೋಡೆ ನೆಟ್ಗಿದ್ರೆ ಯಾಕ್ಲಾ ಬಿದ್ದಾತು, ನಿನ್ನಂಗೆ ಕುಡ್ದು ನಿಂತಿದ್ರೆ ಬೀಳ್ತದೆ" ಅಂತ ಇವಳು ಕಿಟಕಿಯಿಂದಲೇ ಕೊಡುವಳು. ಎರಡು ವರ್ಷದಲ್ಲಿ ನಗುವುದು ನಿಂತಿತು.

ಇದರಲ್ಲಿ ನಾನೆಲ್ಲಿ ಬಂದೆ ಅಂದರೆ, ನಾನು ಬಾಬುರಾಯನಕೊಪ್ಪಲಿನ ನಿಂಗರಾಜು, ಗಾಡಿಗಳ ವಿಮೆ ಏಜೆಂಟು. ಹುಚ್ಚಣ್ಣನ ಗಾಡಿಗೆ ಮೊದಲಿಂದಲೂ ವಿಮೆ ಮಾಡಿಸಿದವನು ನಾನೇ. ಅವನು ಸತ್ತ ವರ್ಷ ಒಂದೇ ಒಂದು ಸಲ, "ಗೌರಕ್ಕ, ಆರ್‌ಸಿನಲ್ಲಿ ನಿನ್ ಎಸ್ರು ಹಾಕ್ಸ್‌ಬೇಕು ಕಣವ್ವ" ಅಂದಿದ್ದೆ.

"ಕಾಗ್ದದಲ್ಲಿ ಅಳಿಸಿದ್ರೆ ಗಾಡಿ ಮೇಲಿಂದೂ ಅಳಿಸ್ಬೇಕೇನಣ್ಣ?" ಅಂದಳು.

ಬೇಡ ಕಣಮ್ಮ, ತಗಡು ನಿನ್ನದು, ಏನಾದರೂ ಬರೆಸಿಕೋ, ಅಂತ ಹೇಳಲು ಎರಡು ನಿಮಿಷ ಸಾಕಿತ್ತು. ಅವತ್ತು ನನಗೆ ಇನ್ನೆಲ್ಲೋ ಹೋಗಬೇಕಿತ್ತು. "ನೋಡಾನ ಬುಡು" ಅಂದುಬಿಟ್ಟೆ. ಆಮೇಲೆ ಆರು ವರ್ಷ ಆ ಎರಡು ನಿಮಿಷ ನನಗೆ ಸಿಗಲೇ ಇಲ್ಲ. ಪ್ರೀಮಿಯಂ ಕಟ್ಟಿಸಿಕೊಳ್ಳುವ ದಿನ ಮಾತ್ರ ವರ್ಷ ವರ್ಷವೂ ತಪ್ಪದೆ ನೆನಪಾಗುತ್ತಿತ್ತು. ಅವಳು ಕೊಡುವಳು, ನಾನು ಹುಚ್ಚಣ್ಣನ ಹೆಸರಿನಲ್ಲಿ ರಸೀದಿ ತಂದುಕೊಡುವೆ, ಅವಳು ಅದನ್ನು ಕಣ್ಣಿಗೊತ್ತಿಕೊಂಡು ಡಬ್ಬಿಯಲ್ಲಿಡುವಳು.

ಹೋದ ಜನವರಿಯಲ್ಲಿ ಕಬ್ಬು ತುಂಬಿದ ಟ್ರಾಕ್ಟರೊಂದು ಕಿರಂಗೂರಿನ ಹತ್ತಿರ ಹಿಡಿತ ತಪ್ಪಿ ರಸ್ತೆ ಪಕ್ಕ ನಿಲ್ಲಿಸಿದ್ದ ಈ ಗಾಡಿಗೆ ಬಂದು ಗುದ್ದಿತು. ಗೌರಮ್ಮ ಎದುರಿನ ಅಂಗಡಿಯಲ್ಲಿ ಎಲೆಅಡಿಕೆ ಕೊಳ್ಳುತ್ತಿದ್ದಳು, ಅದರಿಂದ ಉಳಿದಳು. ಟ್ರಾಕ್ಟರು ನಿಲ್ಲಲಿಲ್ಲ, ನಂಬರೂ ಯಾರಿಗೂ ಕಾಣಲಿಲ್ಲ. ಗಾಡಿಯ ಬೆನ್ನು ಮುರಿದು ಇಂಜಿನ್ನು ಕೆಳಗೆ ಕೂತಿತ್ತು. ಹೆಸರಿನ ತಗಡಿಗೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ.

ಪಾಂಡವಪುರದ ಮೆಕ್ಯಾನಿಕ್ ಕೆಂಪಣ್ಣನ ಗ್ಯಾರೇಜಿಗೆ ಎಳೆಸಿಕೊಂಡು ಹೋದೆವು. ಅವನು ಗಾಡಿ ಕೆಳಗೆ ನುಗ್ಗಿ ನೋಡಿ ಎದ್ದು ಕೈ ಒರೆಸಿಕೊಂಡ. "ಲೇ ನಿಂಗ, ಇದು ಟೋಟಲ್ ಲಾಸ್ ಕಣ್ಲಾ" ಅಂದ.

ರಿಪೇರಿ ಖರ್ಚು ವಿಮೆಯಲ್ಲಿ ಬರೆದ ಬೆಲೆಯ ಮುಕ್ಕಾಲನ್ನು ದಾಟಿದರೆ ಕಂಪನಿ ರಿಪೇರಿ ಮಾಡಿಸುವುದಿಲ್ಲ. ಗಾಡಿ ಸತ್ತಿತು ಅಂತ ಬರೆದು, ಬೆಲೆ ಕೊಟ್ಟು, ಉಳಿದಿದ್ದನ್ನು ಗುಜರಿಗೆ ಕಳಿಸುತ್ತದೆ. ಗೌರಮ್ಮನ ಗಾಡಿಗೆ ಬರೆದಿದ್ದ ಬೆಲೆ ಒಂದು ಲಕ್ಷದ ನಲವತ್ತು ಸಾವಿರ. ಅದು ಬಂದರೆ ಇನ್ನೊಂದು ಹಳೇ ಗಾಡಿ ಬರುತ್ತದೆ. ಬರದಿದ್ದರೆ ಇಲ್ಲ. ಸಂತೆಗಳಲ್ಲಿ ಒಂದು ಕಟ್ಟಳೆ ಉಂಟು: ಒಂದು ತಿಂಗಳು ಕೂರದಿದ್ದರೆ ಜಾಗ ಬೇರೆಯವರದು. ಹುಚ್ಚಣ್ಣ ಇಪ್ಪತ್ತು ವರ್ಷ ಕೂತ ನಾಲ್ಕು ಜಾಗಗಳು ಕೈಬಿಟ್ಟರೆ ಗೌರಮ್ಮ ಕೂಲಿಗೆ ಹೋಗಬೇಕು. ಇದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನಾನು ಕ್ಲೇಮು ಹಾಕಿದೆ. ಎರಡು ದಿನಕ್ಕೆ, ನಷ್ಟ ನೋಡಲು ಕಂಪನಿ ಕಳಿಸುವ ಸರ್ವೇಯರ್ ಫೋನ್ ಮಾಡಿದರು. "ಗುರುವಾರ ಹನ್ನೊಂದಕ್ಕೆ ಬರ್ತೀನಿ. ಮಾಲೀಕರು ಆಧಾರ್ ಸಮೇತ ಇರಬೇಕು. ವಿಡಿಯೋದಲ್ಲಿ ಹೇಳಿಕೆ ತಗೋತೀನಿ."

ಮಾಲೀಕ ಆರು ವರ್ಷದಿಂದ ಕಿರಂಗೂರಿನ ಹೊಲದ ಬದುವಿನಲ್ಲಿ ಮಲಗಿದ್ದಾನೆ.

ಸತ್ತವನ ಹೆಸರಿನಲ್ಲಿ ವಿಮೆ ಇದೆ ಅಂತ ತಿಳಿದರೆ ಕ್ಲೇಮು ಬಿದ್ದುಹೋಗುತ್ತದೆ, ಜೊತೆಗೆ ನನ್ನ ಏಜೆನ್ಸಿಯೂ. ಅವತ್ತು ಸಂಜೆ ಗೌರಮ್ಮನ ಮನೆಯಲ್ಲಿ ಎಲ್ಲ ಸೇರಿದೆವು. ಉಪಾಯ ಹೇಳಿದವನು ಕಿಟ್ಟಿ. ಅಣ್ಣನಿಗೂ ಅವನಿಗೂ ಎರಡೇ ವರ್ಷದ ಅಂತರ, ಅದೇ ಮೂಗು, ಅದೇ ಬೋಳು ಹಣೆ. ಗೌರಮ್ಮ ಗಂಡನ ಆಧಾರ್ ಕಾರ್ಡನ್ನೂ ಬಿಸಾಡಿರಲಿಲ್ಲ, ಇಬ್ಬರ ಹೆಸರಿನ ಬ್ಯಾಂಕ್ ಖಾತೆಯನ್ನೂ ಮುಚ್ಚಿಸಿರಲಿಲ್ಲ.

"ನಾನೇ ಅಣ್ಣ ಅಂತ ಕೂತ್ಕತೀನಿ. ಆಧಾರ್ ಫೋಟೋದಲ್ಲಿ ಯಾವನು ತನ್ನಂಗೆ ಕಾಣ್ತನೆ ಏಳಿ" ಅಂದ.

ನಾನು ಬೇಡ ಅನ್ನಬೇಕಿತ್ತು. "ಮೀಸೆ ಸ್ವಲ್ಪ ಬುಡು" ಅಂದೆ.

ಗೌರಮ್ಮ ಒಲೆ ಮುಂದೆ ಕೂತು ಎಲ್ಲ ಕೇಳಿಸಿಕೊಂಡಳು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಅಂತ ನಮಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡು ಎದ್ದೆವು.

ಗುರುವಾರ ಹತ್ತೂವರೆಗೇ ಗ್ಯಾರೇಜಿಗೆ ಹೋದೆ. ಕಿಟ್ಟಿ ಅಣ್ಣನ ಬಿಳಿ ಶರಟು ಹಾಕಿಕೊಂಡು ಬಂದಿದ್ದ. ಹಿಂದೆ ಅವನ ಹೆಂಡತಿ ಚಂದ್ರಕಲ, ಅವಳ ಹಿಂದೆ ಗೌರಮ್ಮ. ಗೌರಮ್ಮನ ಮುಖ ನೋಡಿ ನಾನು ಕಣ್ಣು ತಗ್ಗಿಸಿದೆ. ಹಣೆಯಲ್ಲಿ ಕುಂಕುಮ, ಕೈತುಂಬ ಹಸಿರು ಬಳೆ.

"ಬರೀ ಅಣೇಲಿ ನಿಂತ್ರೆ ಅನ್ಮಾನ ಬರಲ್ವಾ" ಅಂದಳು ಚಂದ್ರಕಲ ನನ್ನ ಕಿವಿಯಲ್ಲಿ. "ಒಂದ್ ಗಳ್ಗೆ ಅಷ್ಟೇ ಅಂತ ಒಪ್ಸಿದೀನಿ."

ಬಳೆ ಹಾಕಿದ ಕೈಗಳನ್ನು ಗೌರಮ್ಮ ಸೆರಗಿನೊಳಗೆ ಇಟ್ಟುಕೊಂಡಿದ್ದಳು. ಆ ಹೊತ್ತಿನಲ್ಲಾದರೂ ನಾನು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ನನ್ನ ಕಣ್ಣೆಲ್ಲ ಗೇಟಿನ ಕಡೆ ಇತ್ತು.

ಸರ್ವೇಯರ್ ಬಂದರು. ಮೂವತ್ತೈದರ ವಯಸ್ಸು, ಬಿಸಿಲಿಗೆ ಬೆಂದ ಮುಖ, ಮೂರು ಕಡೆ ಹೋಗುವ ಅವಸರ. ಗಾಡಿಯ ಸುತ್ತ ತಿರುಗಿ ಫೋಟೋ ತೆಗೆದರು. ಚಾಸಿ ನಂಬರಿನ ಮೇಲಿನ ಗ್ರೀಸು ಒರೆಸಿ ನೋಡಿದರು. "ಟೋಟಲ್ ಲಾಸೇ. ಇದರಲ್ಲಿ ಏನೂ ಉಳಿದಿಲ್ಲ" ಅಂದರು. ಆ ಮಾತು ಕೇಳಿ ನನಗೆ ಅರ್ಧ ಜೀವ ಬಂತು.

ಕಿಟ್ಟಿಯನ್ನು ಗಾಡಿ ಮುಂದೆ ನಿಲ್ಲಿಸಿ ಮೊಬೈಲ್ ಹಿಡಿದರು. "ಹೆಸರು ಹೇಳಿ."

"ಉಚ್ಚಣ್ಣ" ಅಂದ ಕಿಟ್ಟಿ. ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು.

ಅಷ್ಟರಲ್ಲಿ ಒಳಗಿನಿಂದ ಕೆಂಪಣ್ಣ ಸ್ಪ್ಯಾನರ್ ಹಿಡಿದು ಬಂದವನೇ, "ಲೋ ಕಿ..." ಅಂದು ನನ್ನ ಮುಖ ನೋಡಿ ನಿಲ್ಲಿಸಿದ. "...ಕಿಟಕಿ ಮುಚ್ಲಾ, ದೂಳು ಬತ್ತದೆ" ಅಂತ ಯಾರೂ ಇಲ್ಲದ ಕಡೆ ನೋಡಿ ಕೂಗಿದ. ಸರ್ವೇಯರ್ ಒಂದು ಸಲ ತಿರುಗಿ ನೋಡಿದರು. ಗ್ಯಾರೇಜಿಗೆ ಕಿಟಕಿಯೇ ಇರಲಿಲ್ಲ.

ಅವರು ಮೊಬೈಲ್ ಹಿಡಿದುಕೊಂಡೇ ಗೌರಮ್ಮನ ಕಡೆ ಬಂದರು. "ಗಾಡಿ ಓಡಿಸ್ತಿದ್ದವರು ನೀವು ತಾನೆ? ಡ್ರೈವರ್ ಹೇಳಿಕೆನೂ ಬೇಕು. ಮಾಲೀಕರು ನಿಮಗೇನಾಗಬೇಕು?"

"ಯಜಮಾನ್ರು."

"ಅವರ ಹೆಸರು ಹೇಳಿ."

ನಾನು ನಡುವೆ ಬಾಯಿ ಹಾಕಿದೆ. "ನಮ್ ಕಡೆ ಹೆಂಗಸ್ರು ಗಂಡನ ಹೆಸರು ಹೇಳಲ್ಲ ಸಾರ್. ಪದ್ಧತಿ."

ಅವರು ನಕ್ಕರು, ಒಳ್ಳೆಯ ಮನುಷ್ಯ. "ನಮ್ಮಜ್ಜಿನೂ ಹೇಳ್ತಿರಲಿಲ್ಲ ಬಿಡಿ. ಹೇಳೋದು ಬೇಡಮ್ಮ, ಕೈ ತೋರಿಸಿ ಸಾಕು. ನಿಮ್ಮ ಯಜಮಾನ್ರು ಯಾರು?"

ಮೊಬೈಲಿನ ಕೆಂಪು ಚುಕ್ಕೆ ಮಿನುಗುತ್ತಿತ್ತು. ಮೂರು ಅಡಿ ದೂರದಲ್ಲಿ ಕಿಟ್ಟಿ ಅಣ್ಣನ ಶರಟಿನಲ್ಲಿ ನಿಂತಿದ್ದ. ಸೆರಗಿನಿಂದ ಗೌರಮ್ಮನ ಕೈ ಹೊರಗೆ ಬಂತು, ಬಳೆ ಸದ್ದಾಯಿತು. ತೋರಿಸವ್ವ, ತೋರಿಸಿಬಿಡು ಅಂತ ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಕೈ ಮೇಲೆದ್ದಿತು, ಕಿಟ್ಟಿಯ ಹತ್ತಿರ ಬಂತು, ಅವನನ್ನು ದಾಟಿಕೊಂಡು ಇನ್ನೂ ಮೇಲೆ ಹೋಗಿ ತಗಡಿನ ನೇರಕ್ಕೆ ನಿಂತಿತು.

"ಅವ್ರು" ಅಂದಳು.

ಸರ್ವೇಯರ್‌ಗೆ ಅರ್ಥವಾಗಲಿಲ್ಲ. "ಅದು ಹೆಸರಮ್ಮ. ಮನುಷ್ಯರು ಯಾರು?"

ಗೌರಮ್ಮ ಕೈ ಇಳಿಸಿದಳು. ಆಮೇಲೆ, ಮದುವೆಯಾದ ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ, ಬಾಯಿಬಿಟ್ಟು ಹೇಳಿದಳು.

"ಉಚ್ಚಣ್ಣ. ಉಚ್ಚಣ್ಣ ಅಂತ ಅವ್ರ ಎಸ್ರು. ತೀರ್ಕಂಡು ಆರು ವರ್ಸ ಆಯ್ತು ಸಾಮಿ. ಇವ್ನು ನನ್ ಮೈದ, ನಂಗೆ ಒಡುಟ್ಟಿದ್ ತಮ್ಮನಂಗೆ. ಇವನ್ನ ತೋರ್ಸಿ ಗಂಡ ಅನ್ನಕ್ಕೆ ನನ್ ಕೈಲಾಗಲ್ಲ."

ಕಿಟ್ಟಿ ಅಲ್ಲೇ ಕುಕ್ಕರಿಸಿ ಮುಖ ಮುಚ್ಚಿಕೊಂಡ. ಗೌರಮ್ಮ ಸೆರಗಿನ ತುದಿಯಿಂದ ಹಣೆಯ ಕುಂಕುಮ ಒರೆಸಿಕೊಂಡಳು, ಬಳೆಗಳನ್ನು ಒಂದೊಂದಾಗಿ ತೆಗೆದು ಚಂದ್ರಕಲಳ ಕೈಗೆ ಕೊಟ್ಟಳು. ಒಂದೂ ಒಡೆಯಲಿಲ್ಲ.

ಸರ್ವೇಯರ್ ಮೊಬೈಲ್ ಆಫ್ ಮಾಡಿದರು. ಮೆಲ್ಲಗೆ ಹೇಳಿದರು. "ಮೋಸದ ಕೇಸು ಅಂತ ಬರೆಯಲ್ಲಮ್ಮ. ಮಾಲೀಕರು ಇಲ್ಲ, ಹೆಸರು ವರ್ಗಾವಣೆ ಆಗಿಲ್ಲ ಅಂತ ಅಷ್ಟೇ ಬರೀತೀನಿ. ಆದರೆ ದುಡ್ಡು ಬರಲ್ಲ."

ಗೌರಮ್ಮ ಅವರನ್ನು ನೋಡಲಿಲ್ಲ. ನನ್ನ ಕಡೆ ತಿರುಗಿದಳು.

"ನಿಂಗರಾಜಣ್ಣ, ಆರು ವರ್ಸ ಅವ್ರ ಎಸ್ರಲ್ಲಿ ದುಡ್ಡು ಕಟ್ಟುಸ್ಕಂಡ್ಯಲ್ಲ. ಈಸ್ಕಳುವಾಗ ಬದ್ಕಿದ್ದೋರು ಕೊಡುವಾಗ ಸತ್ತೋದ್ರಾ?"

ಈ ಬಾಯಿಂದ ನಾನು ಸಾವಿರಾರು ಜನಕ್ಕೆ ವಿಮೆ ಮಾರಿದ್ದೇನೆ. ಅವತ್ತು ಕ್ಲೇಮಿನ ಕಾಗದ ಮಡಿಸಿ ಜೇಬಿಗಿಟ್ಟುಕೊಂಡು ಗೇಟಿನ ಕಡೆ ನಡೆದೆ.

ಗಾಡಿಯನ್ನು ಗುಜರಿಯವನು ತೂಕಕ್ಕೆ ಕೊಂಡ. ಕೆಂಪಣ್ಣ ಹೆಸರಿನ ತಗಡನ್ನು ಕತ್ತರಿಸಿ, ಅಂಚು ಕೈಗೆ ತಾಗದ ಹಾಗೆ ಮಡಿಸಿ ಬಡಿದು ಗೌರಮ್ಮನಿಗೆ ಕೊಟ್ಟ. ಈಗ ಅವಳು ಎರಡು ಮೂಟೆ ಇಟ್ಟುಕೊಂಡು ಬಸ್ಸಿನಲ್ಲಿ ಹೋಗುತ್ತಾಳೆ. ನಾಗಮಂಗಲದ ಜಾಗವೂ ಕೆ.ಆರ್.ಪೇಟೆ ಜಾಗವೂ ಕೈಬಿಟ್ಟವು. ಪಾಂಡವಪುರ, ಸಂತೆಬಾಚಹಳ್ಳಿ ಉಳಿದಿವೆ. ತಗಡನ್ನು ಬೆನ್ನ ಹಿಂದೆ ಒರಗಿಸಿಕೊಂಡು ಕೂರುತ್ತಾಳೆ. ಯಾರಾದರೂ ಯಜಮಾನರ ಹೆಸರು ಕೇಳಿದರೆ ಮತ್ತೆ ತಗಡಿನ ಕಡೆಗೇ ಕೈ ತೋರಿಸುತ್ತಾಳೆ. ನನ್ನನ್ನು ಕಂಡರೆ ಮಾತಾಡಿಸುತ್ತಾಳೆ, ಆದರೆ ಮೊದಲಿನ ಹಾಗೆ ಕೂರು ಅನ್ನುವುದಿಲ್ಲ.

ಅವತ್ತು ಗ್ಯಾರೇಜಿನಿಂದ ಮನೆಗೆ ಬಂದವನು ಗಿರಾಕಿಗಳ ಹೆಸರು ಬರೆದ ನನ್ನ ಡೈರಿ ತೆಗೆದು ಕೂತೆ. ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು, ಇವನು ಇದ್ದಾನೋ ಇಲ್ಲವೋ ಅಂತ ನೆನಪು ಮಾಡಿಕೊಂಡೆ. ಹನ್ನೊಂದು ಜನ ಇರಲಿಲ್ಲ. ಕೆಲವರ ತಿಥಿಯಲ್ಲಿ ನಾನೇ ಉಂಡು ಬಂದಿದ್ದೆ. ಹನ್ನೊಂದು ಮಂದಿ ಸತ್ತವರು ವರ್ಷ ವರ್ಷವೂ ನನ್ನ ಕೈಯಲ್ಲಿ ವಿಮೆ ಕಟ್ಟುತ್ತಿದ್ದರು.

ಮಾರನೆಯ ಬೆಳಿಗ್ಗೆ ಮೊದಲು ಹೋಗಿದ್ದು ಸಂತೆಬಾಚಹಳ್ಳಿ ಕಡೆಯ ಮಂಗಳಮ್ಮನ ಮನೆಗೆ. ಅಂಗಳದಲ್ಲಿ ಅವಳ ಗಂಡನ ಟ್ರಾಕ್ಟರು ನಿಂತಿತ್ತು, ಬಾನೆಟ್ಟಿನ ಮೇಲೆ ಹೆಸರು, ಹೆಸರಿಗೆ ಅವತ್ತಿನ ಹೂವು. ಪ್ರೀಮಿಯಂ ದಿನ ಬಂತೇನೋ ಅಂತ ಅವಳು ದುಡ್ಡು ತರಲು ಒಳಗೆ ಹೊರಟಳು.

"ದುಡ್ಡು ಬ್ಯಾಡ ಕಣವ್ವ" ಅಂದೆ. "ಎರಡು ನಿಮಿಷ ಕೂತ್ಕೋ, ಒಂದ್ ಮಾತು ಏಳ್ಬೇಕು."