‘ಹೇಗಿದ್ದಾರೆ?’ ಎಂದು ಕೇಳಿದರೆ

ಇವತ್ತು ಬೆಳಿಗ್ಗೆ ಹೆಂಡತಿಯ ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಹಾಕಿದೆ. ಬೇಕೆಂದು ಹಾಕಿದ್ದಲ್ಲ, ಮಂಜಾದ ಕಣ್ಣು, ನಿದ್ದೆಗೆಟ್ಟ ತಲೆ, ಎರಡೂ ಸೇರಿ ಹಾಕಿಸಿದವು. ಸೊಂಟದ ಮೂಳೆ ಮುರಿದು ತಿಂಗಳುಗಟ್ಟಲೆ ಮಲಗಿರುವ ಅವಳು ಒಂದೇ ಗುಟುಕಿಗೆ ಮುಖ ಕಿವುಚಿ ನನ್ನ ಜನ್ಮ ಜಾಲಾಡಿದಳು. ನೀವು ನಂಬಲಿಕ್ಕಿಲ್ಲ, ಬೈಸಿಕೊಳ್ಳುತ್ತ ನಿಂತ ನನಗೆ ಸಮಾಧಾನವೇ ಆಯಿತು. ಉಪ್ಪಿನ ಚಹಾವನ್ನು ಮುಖ ಕಿವುಚದೆ ಕುಡಿದು ಮುಗಿಸಿದವರೊಬ್ಬರು ನನಗೆ ಗೊತ್ತು.

ಐವತ್ತರ ದಶಕದ ಮಾತು. ನೌಕರಿಗೆಂದು ಧಾರವಾಡದಿಂದ ಮುಂಬಯಿಗೆ ಬಂದವನು ಬಾಂದ್ರಾದ ಚಾಳೊಂದರಲ್ಲಿ ಸೋದರತ್ತೆಯ ಒಂದೇ ಕೋಣೆಯ ಖೋಲಿಯಲ್ಲಿದ್ದೆ. ಅತ್ತೆಯ ಗಂಡ, ನಮ್ಮ ಮಾಮಾ, ಬಟ್ಟೆ ವ್ಯಾಪಾರಿಯೊಬ್ಬನ ಪೇಢಿಯಲ್ಲಿ ಗುಮಾಸ್ತ, ಮಹಾ ಜಗಳಗಂಟ. ಚಹಾ ನೀರಾದರೆ ಜಗಳ, ಲೋಕಲ್ ರೈಲು ತಡವಾದರೆ ಜಗಳ, ನಲ್ಲಿಯ ಸಾಲಿನಲ್ಲಿ ಯಾರಾದರೂ ನುಸುಳಿದರಂತೂ ಇಡೀ ಚಾಳಿಗೇ ಕೇಳುವಂಥ ಜಗಳ. ನನ್ನ ಕ್ರಾಪಿನ ಮೇಲೂ ಅವರಿಗೆ ಸಿಟ್ಟಿತ್ತು. ಆಗಿನ ಫೋಟೋ ನೋಡಿದರೆ ಆ ಸಿಟ್ಟು ನ್ಯಾಯವೇ ಅನ್ನಿಸುತ್ತದೆ.

ಒಂದು ಚಳಿಗಾಲದಲ್ಲಿ ಅವರಿಗೆ ಏಳುತ್ತಲೇ ತಲೆನೋವು, ವಾಂತಿ ಶುರುವಾಯಿತು. ಪಿತ್ತವೆಂದು ಜೀರಿಗೆ ಕಷಾಯ ಕುಡಿಸಿದೆವು. ಬಲಗಾಲು ಎಳೆಯತೊಡಗಿದ ಮೇಲೆ ಆಸ್ಪತ್ರೆಗೆ ಹೋದೆವು. ಮಿದುಳಿನಲ್ಲಿ ಗಡ್ಡೆ ಎಂದರು. ತಲೆ ತೆರೆದು ತೆಗೆಯುವಷ್ಟನ್ನು ತೆಗೆದರು.

ಮಾಮಾ ಬದುಕಿದರು. ಆಮೇಲೆ ತಿಂಗಳಿಗೊಮ್ಮೆ ಮೂವರೂ ಡಾಕ್ಟರರ ಬಳಿ ಹೋಗುತ್ತಿದ್ದೆವು. ಅವರ ಇಂಗ್ಲಿಷನ್ನು ಅತ್ತೆಗೆ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಸ್ನಾನ ತಾವೇ ಮಾಡುತ್ತಾರೆಯೇ? ಅಂಗಿಯ ಗುಂಡಿ ಹಾಕಿಕೊಳ್ಳುತ್ತಾರೆಯೇ? ಊಟ? ನಡಿಗೆ? ಎಲ್ಲದಕ್ಕೂ ಹೌದು. ಡಾಕ್ಟರರಿಗೆ ಸಂತೋಷ. ಮಾಮಾ ಕುರ್ಚಿಯಲ್ಲಿ, ಅತ್ತೆ ಹಿಂದೆ ಗೋಡೆಗೆ ಆತು ನಿಂತಿರುತ್ತಿದ್ದಳು.

ಒಮ್ಮೆ ಅತ್ತೆ ತಡೆಯಲಾರದೆ ಅಂದಳು: “ಹೇಳೋ ಅವರಿಗೆ. ಇವರು ಜಗಳಾ ಆಡೋದು ಬಿಟ್ಟಾರ. ನಿನ್ನೆ ಬೇಕಂತನ ಚಹಾದಾಗ ಉಪ್ಪು ಹಾಕಿದ್ನಿ. ಹೆಂಗದ ಅಂದ್ರ, ಛಲೋ ಅದ ಅಂದು ಕುಡದ್ರು.”

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಶಾಂತರಾಗಿರುವುದು ಒಳ್ಳೆಯದೇ ಅಲ್ಲವೇ ಎಂದು ಡಾಕ್ಟರರು ನಕ್ಕರು. ಮರಳುವಾಗ ಲೋಕಲ್‌ನಲ್ಲಿ ಅತ್ತೆ ಕಿಟಕಿಯಾಚೆ ನೋಡುತ್ತ, “ನಾ ಯಾರ ಕೂಡ ಸಂಸಾರ ಮಾಡ್ಲಿಕತ್ತೀನೋ ತಿಳೀವಲ್ದು,” ಅಂದಳು. ಮಾಮಾ ಎದುರಿಗೇ ಇದ್ದರು. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ.

ಮಳೆಗಾಲದ ಹೊತ್ತಿಗೆ ಗಡ್ಡೆ ಮತ್ತೆ ಬೆಳೆದಿತ್ತು. ಮಾಮಾ ಗುಂಡಿ ಹಾಕಿಕೊಳ್ಳಲಾರದಾದರು, ಹಾಸಿಗೆ ಒದ್ದೆಯಾಗುತ್ತಿತ್ತು. ಇನ್ನೊಂದು ಆಪರೇಶನ್ ಮಾಡಿದರೆ ಕೆಲವು ತಿಂಗಳು ಸಿಗಬಹುದು, ಸಿಗದೆಯೂ ಇರಬಹುದು ಎಂದ ಡಾಕ್ಟರರು ಮೊದಲ ಬಾರಿಗೆ ಮಾಮಾನತ್ತ ತಿರುಗಿ, “ನಿಮಗೆ ಏನು ಬೇಕು?” ಎಂದು ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ. ಮಾಮಾ ಒಂದೊಂದೇ ಶಬ್ದವನ್ನು ಎತ್ತಿಡುವವರಂತೆ ಹೇಳಿದರು:

“ನನಗೇನೂ ತ್ರಾಸಿಲ್ಲ. ಆಕಿ ಭಾಳ ದಣದಾಳ. ಆಕೀನ್ನ ಕೇಳ್ರಿ.”

ನನ್ನ ಇಂಗ್ಲಿಷ್ ತೊದಲಿತು. ಡಾಕ್ಟರರು ಎದ್ದು, ತಮ್ಮ ಕುರ್ಚಿಯನ್ನೇ ಸರಿಸಿ ಅತ್ತೆಯನ್ನು ಕೂರಿಸಿ, “ನೀವು ಹೇಗಿದ್ದೀರಿ?” ಎಂದು ಕೇಳಿದರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಯಾವ ಭಾಷೆಗೂ ತಿರುಗಿಸುವಂಥದ್ದು ಅಲ್ಲಿ ಏನೂ ಇರಲಿಲ್ಲ. ಕೊನೆಗೆ ಕಣ್ಣೊರೆಸಿಕೊಂಡು, “ಮತ್ತ ಕೊಯ್ಯೋದು ಬ್ಯಾಡ,” ಅಂದಳು.

ಪಕ್ಕದ ಖೋಲಿಯಲ್ಲಿ ಉಡುಪಿಯ ರುಕ್ಮಿಣಿಯಮ್ಮ ಇದ್ದರು. ಗಂಡನಿಗೆ ಸಾಂತಾಕ್ರೂಜ್‌ನಲ್ಲಿ ಸಣ್ಣ ಹೋಟೆಲು. ಅಂದು ಅತ್ತೆಯ ಮುಖ ನೋಡಿದವರೇ ಒಳಗೆ ಬಂದು, “ನೀವು ಸ್ವಲ್ಪ ಮಲಗಿ ಮಾರಾಯ್ತಿ. ಇವರ ಹತ್ತಿರ ನಾನು ಕೂತುಕೊಳ್ತೇನೆ,” ಎಂದರು. ಅಲ್ಲಿಂದ ದಿನವೂ ಮಧ್ಯಾಹ್ನ ಅತ್ತೆ ಅವರ ಖೋಲಿಗೆ ಹೋಗಿ ಮಲಗುತ್ತಿದ್ದಳು. ಎದ್ದು ಬಂದು, ಕೆನ್ನೆಯ ಮೇಲೆ ಚಾಪೆಯ ಗೆರೆಗಳಿರುವಂತೆಯೇ ಮಾಮಾನ ಪಕ್ಕ ಕೂತು ಊರಿನ ಸುದ್ದಿ ಹೇಳುತ್ತಿದ್ದಳು. ದೀಪಾವಳಿಗೆ ಮೊದಲೇ ಮಾಮಾ ತೀರಿಕೊಂಡರು, ಅತ್ತೆಯ ಕೈ ಹಿಡಿದುಕೊಂಡೇ.

ಈಗ ಕಾಂದಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಕಂಡವರೆಲ್ಲ ಹೆಂಡತಿ ಹೇಗಿದ್ದಾಳೆಂದು ಕೇಳುತ್ತಾರೆ; “ಠೀಕ್ ಹೈ” ಎಂದು ಮುಂದೆ ಹೋಗುತ್ತೇನೆ. ಇವತ್ತು ಹಾಲು ತಂದು ಮೆಟ್ಟಿಲ ಬಳಿ ಬಂದಾಗ ಕೆಳಗಿನ ಮನೆಯ ಗುಜರಾತಿ ಹೆಂಗಸು, “ಔರ್ ಆಪ್, ಅಂಕಲ್?” ಎಂದು ನನ್ನನ್ನೂ ಕೇಳಿದಳು. ಅಭ್ಯಾಸದ ಉತ್ತರ ನಾಲಗೆಯ ತುದಿಗೆ ಬಂದಿತ್ತು.

“ಬಹುತ್ ಥಕ್ ಗಯಾ ಹೂಂ, ಬೇಟಿ,” ಅಂದೆ, ಬಹಳ ದಣಿದಿದ್ದೇನೆ ಎಂದು.

ಅವಳು ನನ್ನ ಕೈಯಿಂದ ಹಾಲಿನ ಚೀಲ ತೆಗೆದುಕೊಂಡು, ನನಗಿಂತ ಮೊದಲೇ ಮೆಟ್ಟಿಲು ಹತ್ತಿದಳು.