ಅಂದಾನಪ್ಪನಿಗೆ ಎಮ್ಮೆಯ ಫೋನು

ಅಡರಕಟ್ಟಿಯ ಗೌಂಡಿ ಅಂದಾನಪ್ಪ ಕಟ್ಟಿದ ಗೋಡೆ ಎಂದೂ ವಾಲಿದ್ದಿಲ್ಲ, ವಾಲುತ್ತಿದ್ದವನು ಅವನೇ. ಲಕ್ಷ್ಮೇಶ್ವರದಲ್ಲಿ ಕೆಲಸ ಮುಗಿಸಿ, ಊರಿನ ಬಸ್ಸು ಹಿಡಿಯುವ ಮೊದಲು ಬ್ರಾಂದಿ ಅಂಗಡಿಯಲ್ಲಿ ಕೂತು ಏಳುವುದು ಅವನ ರೂಢಿ. ಒಮ್ಮೆ ನಾದಿನಿಯ ಕೂಸಿನ ತೊಟ್ಟಿಲು ಕಾರ್ಯಕ್ಕೆ ಕುಡಿದು ಹೋದವನು, ಹೆಸರಿಡುವ ಮುಂಚೆಯೇ ತೊಟ್ಟಿಲಲ್ಲಿ ತಾನೇ ಮಲಗಿಬಿಟ್ಟ. ಹಗ್ಗ ಹರಿಯಿತು. ಎಬ್ಬಿಸಲು ಬಂದ ಹಿರಿಯಾಕೆಗೆ, “ನನಗ ಏನ ಹೆಸರ ಇಟ್ರಿ?” ಎಂದು ಕೇಳಿದ. ಬೀಗರೆಲ್ಲ ಬಿದ್ದು ಬಿದ್ದು ನಕ್ಕರು. ಹೆಂಡತಿ ಹನಮಂತವ್ವ ನಗಲಿಲ್ಲ. ಅವತ್ತಿನಿಂದ ಅವನ ಜೊತೆ ಮಾತು ಬಿಟ್ಟಳು.

ಹಾಗಂತ ಸಂಸಾರ ನಿಲ್ಲುತ್ತದೆಯೇ? ಗಂಡನಿಗೆ ಹೇಳಬೇಕಾದ್ದನ್ನೆಲ್ಲ ಅವಳು ಎಮ್ಮೆಗೆ ಹೇಳತೊಡಗಿದಳು.

“ಎಮ್ಮಿ, ರೊಟ್ಟಿ ಬುಟ್ಟ್ಯಾಗ ಅದಾವಂತ ನಿಮ್ಮ ಮಾಲಕಗ ಹೇಳು.”

“ಎಮ್ಮಿ, ಚಟ್ನಿ ಎಲ್ಲೈತಂತ ಕೇಳು,” ಎನ್ನುತ್ತಿದ್ದ ಅಂದಾನಪ್ಪ. ಎಮ್ಮೆ ತನ್ನ ಪಾಡಿಗೆ ಮೆಲುಕು ಹಾಕುತ್ತಿತ್ತು. ಅವಳು ಒಮ್ಮೆ ಬಾಯಿ ತುಂಬ ಬೈದರೂ ಸಾಕೆಂದು ಅವನ ಜೀವ ಹಪಹಪಿಸುತ್ತಿತ್ತು. ಆ ಸಂಕಟಕ್ಕೆ ಇನ್ನೊಂದು ಗ್ಲಾಸು. ಕುಡುಕನ ಬುದ್ಧಿ ನೋಡಿ, ಗಾಯಕ್ಕೆ ಉಪ್ಪು ಸವರಿಕೊಂಡು ಮದ್ದು ಎನ್ನುತ್ತದೆ.

ಹೀಗೆ ಎರಡು ವರ್ಷ ಕಳೆಯುತ್ತ ಬಂದಾಗ, ನಾಗಾವಿಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಪ್ರಿಯಾಂಕಾ ಎಂಬ ಹುಡುಗಿ ಕುಡಿತ ತಗ್ಗಿಸುವ ಯೋಜನೆ ಹಿಡಿದು ಊರಿಗೆ ಬಂದಳು. ದಿನಾ ಸಂಜೆ ಆರಕ್ಕೆ ಕುಡಿಯುವವನಿಗೆ ಫೋನು ಬರುತ್ತದೆ. ಎತ್ತಿದರೆ ಅವನ ಮನೆಯವರ ದನಿ ಕೇಳುತ್ತದೆ.

“ಮನ್ಯಾಗ ನಿಮ್ಮ ಜೋಡಿ ಯಾರ ಮಾತಾಡ್ತಾರ್ರಿ? ಅವರ ದನಿ ತುಂಬಿಕೊಳ್ಳೋಣ.”

“ಎಮ್ಮಿ,” ಎಂದ ಅಂದಾನಪ್ಪ.

ಹನಮಂತವ್ವ ಕೊಟ್ಟಿಗೆಯತ್ತ ತಿರುಗಿ, “ಎಮ್ಮಿ, ಖರೆ ಐತಂತ ಹೇಳು,” ಎಂದಳು.

ಹುಡುಗಿಗೆ ನಿಯಮವೆಂದರೆ ನಿಯಮ. ಹಾಲು ಹಿಂಡುವ ಹೊತ್ತಿಗೆ ಎಮ್ಮೆ ಒದರುವುದನ್ನೇ ತುಂಬಿಕೊಂಡು ಹೋದಳು.

ಮರುದಿನ ಆರಕ್ಕೆ ಗ್ಲಾಸು ತುಟಿಗೆ ತಾಗುವಷ್ಟರಲ್ಲಿ ಫೋನು ಬಂತು. ಎತ್ತಿದರೆ ಎಮ್ಮೆ ಅಂಗಡಿ ತುಂಬ ಒದರಿತು. ಎಲ್ಲರೂ ನಕ್ಕರು. ಅಂದಾನಪ್ಪನ ಬೆರಳುಗಳು ಮಾತ್ರ ತಾವಾಗಿಯೇ ಮಡಚಿ ಬಿಚ್ಚತೊಡಗಿದವು. ಆ ಎಮ್ಮೆ ಅವನ ಕೈಗಲ್ಲದೆ ಬೇರೆಯವರಿಗೆ ಹಾಲು ಕೊಡುತ್ತಿರಲಿಲ್ಲ. “ಕೆಚ್ಚಲ ಬಿಗದಿರತೈತಿ,” ಎಂದು ಎದ್ದು ಬಸ್ಸಿಗೆ ಓಡಿದ.

ಇದು ಊರಿನ ಉಳಿದ ಕುಡುಕರಿಗೂ ಹಿಡಿಸಿತು. ಹೆಂಡಂದಿರ ದನಿಗೆ ಅವರು ಎಂದೋ ಒಗ್ಗಿಹೋಗಿದ್ದರು, ಅವರೂ ತಮ್ಮ ದನಕರುಗಳ ದನಿಯನ್ನೇ ತುಂಬಿಸಿದರು. ಆರು ಹೊಡೆದರೆ ಅಂಗಡಿಯಲ್ಲಿ ಎಮ್ಮೆ, ಆಕಳು, ಇನ್ನೊಬ್ಬ ಕುಡುಕ ಅಂಬರೀಶನ ಆಡು ಎಲ್ಲ ಒಟ್ಟಿಗೆ. “ಲೇ, ಇದೇನ ಅಂಗಡಿನೋ, ದನದ ಸಂತಿನೋ?” ಎಂದು ಮಾಲೀಕ ಕೇಳುವಷ್ಟರಲ್ಲಿ ಬೆಂಚು ಖಾಲಿ.

ಅಂದಾನಪ್ಪನ ಕುಡಿತ ಇಳಿಯಿತು. ಹನಮಂತವ್ವನ ಹಟ ಇಳಿಯಲಿಲ್ಲ. “ಎಮ್ಮಿ, ಇವತ್ತ ನೆಟ್ಟಗ ನಡದ ಬಂದಾರ, ನೋಡಿದಿ?” ಎಂದಳು ಒಮ್ಮೆ. ಅಷ್ಟಕ್ಕೇ ಅವನಿಗೆ ಹಬ್ಬ.

ಕೆಲವು ತಿಂಗಳಿಗೆ ಪ್ರಿಯಾಂಕಾ ಮತ್ತೆ ಮನೆಗೆ ಬಂದಳು. “ನಾಳಿಂದ ಫೋನ್ ಬರೂದಿಲ್ರಿ. ಯೋಜನಾ ಮುಗೀತು.” ಎಮ್ಮೆಯೂ ಗಬ್ಬವಾಗಿ ಹಾಲು ನಿಲ್ಲಿಸಿತ್ತು. ಸಂಜೆ ಒದರುವ ಗರಜು ಅದಕ್ಕಿರಲಿಲ್ಲ.

ಮಾರನೆಯ ಸಂಜೆ ಅಂದಾನಪ್ಪನ ಮುಂದೆ ತುಂಬಿದ ಗ್ಲಾಸು, ಪಕ್ಕದಲ್ಲಿ ಸುಮ್ಮನಿದ್ದ ಫೋನು. ಆರು ದಾಟಿತು. ಇನ್ನು ತಡೆಯುವವರು ಯಾರೂ ಇಲ್ಲವೆಂದು ಗ್ಲಾಸಿಗೆ ಕೈ ಹಾಕಿದ. ಫೋನು ರಿಂಗಾಯಿತು. ಮನೆಯ ನಂಬರು. ಎತ್ತಿದರೆ ಎಮ್ಮೆ ಒದರುತ್ತಿತ್ತು. ಕೂಗು ಬಹಳ ತೆಳ್ಳಗಿತ್ತು, ನಡುನಡುವೆ ಉಸಿರು ಕಟ್ಟಿ ಕೆಮ್ಮುತ್ತಿತ್ತು. ಇಪ್ಪತ್ತು ವರ್ಷ ಒಂದೇ ಒಲೆಯ ಹೊಗೆ ಕುಡಿದವನಿಗೆ ಆ ಕೆಮ್ಮು ಯಾರದೆಂದು ಗೊತ್ತಾಗದೆ ಇರುತ್ತದೆಯೇ?

“ಇವತ್ತ ಎಮ್ಮಿ ದನಿ ಭಾಳ ಸಣ್ಣ ಆಗೇತಿ,” ಎಂದ.

ಒದರುವುದು ನಿಂತಿತು.

“ಎರಡ ವರ್ಷ ಮಾತಾಡ್ಲಿಲ್ಲಂದ್ರ ಯಾರ ದನಿ ಆದ್ರೂ ಸಣ್ಣ ಆಗತೈತ್ರಿ,” ಎಂದಳು ಹನಮಂತವ್ವ.

ಅಂದಾನಪ್ಪ ಬಸ್ಸಿಗೂ ಕಾಯಲಿಲ್ಲ.